ಪೈಪು ಜಿನುಗುತ್ತಿದೆ, ಪ್ಲಂಬರ್ ಬರುವುದು ನಾಳಿದ್ದು: ಅಲ್ಲಿಯವರೆಗೆ ಏನು ಮಾಡಬಹುದು? (ಪದೇ ಪದೇ ಕೇಳುವ ಪ್ರಶ್ನೆಗಳು)

ಮನೆಯ ನಲ್ಲಿ, ಪೈಪು, ಟ್ಯಾಂಕು, ಫ್ಲಶ್‌ಗಳಲ್ಲಿ ನಿಧಾನವಾಗಿ ಜಿನುಗುವ ನೀರನ್ನು ಕೆಲವು ದಿನಗಳ ಮಟ್ಟಿಗೆ ತಡೆಯುವ ಬಗೆ ಇಲ್ಲಿದೆ. ಪೈಪು ಒಡೆದು ನೀರು ಚಿಮ್ಮುತ್ತಿದ್ದರೆ ಓದುತ್ತ ಕೂರಬೇಡಿ. ಮೊದಲು ಟ್ಯಾಂಕಿನ ವಾಲ್ವ್ ಮುಚ್ಚಿ ಬನ್ನಿ.

ಸೋರಿಕೆ ಕಂಡ ಕೂಡಲೇ ಮೊದಲು ಮಾಡಬೇಕಾದದ್ದು ಏನು?

ನೀರು ಬೀಳುವ ಜಾಗದ ಹತ್ತಿರ ಸ್ವಿಚ್ ಬೋರ್ಡ್, ಗೀಸರ್, ವಾಷಿಂಗ್ ಮಷೀನ್, ಮೋಟಾರಿನ ಸ್ಟಾರ್ಟರ್ ಏನಾದರೂ ಇದೆಯೇ ನೋಡಿ. ಇದ್ದರೆ ಒದ್ದೆ ಕೈಯಲ್ಲಿ ಅಲ್ಲಿನ ಸ್ವಿಚ್ ಮುಟ್ಟಬೇಡಿ. ಒಣ ಜಾಗದಲ್ಲಿರುವ ಮುಖ್ಯ ಬೋರ್ಡಿಗೆ ಹೋಗಿ ಎಂಸಿಬಿ (ವಿದ್ಯುತ್ ಕಡಿಯುವ ಸ್ವಿಚ್) ಇಳಿಸಿ.

ಆಮೇಲೆ ನೀರು ನಿಲ್ಲಿಸಿ, ಹತ್ತಿರದ ವಾಲ್ವಿನಿಂದ ಶುರುಮಾಡಿ. ವಾಶ್‌ಬೇಸಿನ್ ಅಥವಾ ಫ್ಲಶ್ ಟ್ಯಾಂಕಿನ ಸೋರಿಕೆಗೆ ಅದರ ಕೆಳಗಿರುವ ಆಂಗಲ್ ಕಾಕ್ (ಗೋಡೆಗೆ ಹೊಂದಿಕೊಂಡ ಸಣ್ಣ ವಾಲ್ವ್) ಮುಚ್ಚಿದರೆ ಸಾಕು, ಇಡೀ ಮನೆಯ ನೀರು ನಿಲ್ಲಿಸಬೇಕಿಲ್ಲ. ಬಚ್ಚಲಿನ ಪೈಪಾದರೆ ಆ ಬಚ್ಚಲಿಗೆ ಹೋಗುವ ವಾಲ್ವ್ ಮುಚ್ಚಿ. ಇದು ಸಾಮಾನ್ಯವಾಗಿ ತಾರಸಿಯ ಮೇಲೆ, ಟ್ಯಾಂಕಿನಿಂದ ಇಳಿಯುವ ಪೈಪುಗಳ ಸಾಲಿನಲ್ಲಿ ಇರುತ್ತದೆ. ಅಪಾರ್ಟ್‌ಮೆಂಟುಗಳಲ್ಲಿ ಬಚ್ಚಲ ಹಿಂದಿನ ಡಕ್ಟಿನಲ್ಲೋ ಬಚ್ಚಲೊಳಗೇ ತಲೆಯ ಎತ್ತರದಲ್ಲೋ ಇರುತ್ತದೆ. ಫ್ಲಶ್‌ಗೆ ಸಂಸ್ಕರಿಸಿದ ನೀರು ಕೊಡುವ ಕಟ್ಟಡಗಳಲ್ಲಿ ಅದಕ್ಕೆ ಬೇರೆಯೇ ಪೈಪು, ಬೇರೆಯೇ ವಾಲ್ವ್. ಒಂದು ವಾಲ್ವ್ ಮುಚ್ಚಿಯೂ ಫ್ಲಶ್ ಟ್ಯಾಂಕ್ ತುಂಬುತ್ತಲೇ ಇದೆ ಎಂದು ಗಾಬರಿಯಾಗುವುದು ಇದಕ್ಕೇ.

ವಾಲ್ವ್ ಮುಚ್ಚಿದ ಮೇಲೆ ಆ ಸಾಲಿನ ಅತಿ ಕೆಳಗಿನ ನಲ್ಲಿಯನ್ನೂ ಅತಿ ಮೇಲಿನ ನಲ್ಲಿಯನ್ನೂ ತೆರೆದಿಡಿ. ಮೇಲಿನದು ಗಾಳಿ ಎಳೆದುಕೊಳ್ಳಲು, ಕೆಳಗಿನದು ನೀರು ಇಳಿಯಲು. ಮೇಲಿನದನ್ನು ತೆರೆಯದಿದ್ದರೆ ಪೈಪಿನಲ್ಲಿ ಉಳಿದ ನೀರು ಗಂಟೆಗಟ್ಟಲೆ ಜಿನುಗುತ್ತಲೇ ಇರುತ್ತದೆ.

ಗೇಟ್ ವಾಲ್ವ್ ಪೂರ್ತಿ ತಿರುಗಿಸಿದರೂ ನೀರು ನಿಲ್ಲುತ್ತಿಲ್ಲವಲ್ಲ?

ಚಕ್ರ ತಿರುಗಿಸಿ ಮುಚ್ಚುವ ಹಿತ್ತಾಳೆಯ ಹಳೆಯ ಗೇಟ್ ವಾಲ್ವಿನ ತಳದಲ್ಲಿ ಮರಳು, ಸುಣ್ಣದ ಹಕ್ಕಳೆ ಕೂತಿರುತ್ತದೆ, ಹಾಗಾಗಿ ಒಳಗಿನ ಬಿಲ್ಲೆ ಪೂರ್ತಿ ಕೆಳಗೆ ಇಳಿಯುವುದಿಲ್ಲ. ನಾಲ್ಕೈದು ಸಲ ಅರ್ಧ ತೆರೆದು ಮುಚ್ಚಿ ಮಾಡಿ. ಹರಿಯುವ ನೀರಿನ ಜೊತೆ ಕಸವೂ ಸ್ವಲ್ಪ ಹೋಗುತ್ತದೆ. ಚಕ್ರ ತಿರುಗದಿದ್ದರೆ ಸ್ಪ್ಯಾನರ್ ಹಾಕಿ ಬಲವಂತ ಮಾಡಬೇಡಿ. ಒಳಗಿನ ಕಡ್ಡಿ ಮುರಿದರೆ ವಾಲ್ವನ್ನೇ ಬದಲಿಸಬೇಕು, ಅದಕ್ಕೆ ಟ್ಯಾಂಕನ್ನೇ ಖಾಲಿ ಮಾಡಬೇಕು.

ಬೇರೆ ದಾರಿಯಿಲ್ಲದಿದ್ದರೆ ಟ್ಯಾಂಕಿನ ಒಳಗಿನಿಂದ ಹೊರಹೋಗುವ ತೂತಿಗೆ ಶುಭ್ರ ಬಟ್ಟೆಯ ಉಂಡೆ ಕಟ್ಟಿ ಒತ್ತಬಹುದು. ಉಂಡೆ ತೂತಿಗಿಂತ ಚೆನ್ನಾಗಿ ದಪ್ಪಗಿರಲಿ. ಅದಕ್ಕೆ ಗಟ್ಟಿ ದಾರ ಕಟ್ಟಿ ಇನ್ನೊಂದು ತುದಿಯನ್ನು ಟ್ಯಾಂಕಿನ ಬಾಯಿಗೆ ಬಿಗಿಯಿರಿ. ದಾರವಿಲ್ಲದ ಉಂಡೆ ಪೈಪಿನೊಳಗೆ ಹೊರಟುಹೋದರೆ ಸಣ್ಣ ಜಿನುಗು ದೊಡ್ಡ ರಗಳೆಯಾಗುತ್ತದೆ. ಮೇಲಿನಿಂದ ಕೈಗೆ ಎಟುಕಿದರೆ ಮಾತ್ರ ಇದನ್ನು ಮಾಡಿ. ಟ್ಯಾಂಕಿನೊಳಗೆ, ಅದರಲ್ಲೂ ಸಂಪಿನೊಳಗೆ, ಇಳಿಯಬೇಡಿ.

ತೊಟ್ಟು ತೊಟ್ಟು ತಾನೇ? ಬಕೆಟ್ ಇಟ್ಟು ಒಂದು ವಾರ ತಳ್ಳಬಹುದಲ್ಲವೇ?

ಕೆಲವು ಸಲ ತಳ್ಳಬಹುದು, ಆದರೆ ಅಳೆದು ನೋಡಿ. ಸೋರುವ ಜಾಗದ ಕೆಳಗೆ ಅಳತೆಯ ಲೋಟ ಇಟ್ಟು 10 ನಿಮಿಷ ಬಿಡಿ. 100 ಮಿ.ಲೀ. ತುಂಬಿದರೆ ಗಂಟೆಗೆ 600 ಮಿ.ಲೀ., ದಿನಕ್ಕೆ 14 ಲೀಟರಿನ ಮೇಲೆ, ತಿಂಗಳಿಗೆ 430 ಲೀಟರ್ ಹತ್ತಿರ. ಬೇಸಿಗೆಯಲ್ಲಿ ಟ್ಯಾಂಕರ್ ತರಿಸುವ ಬಡಾವಣೆಯಲ್ಲಿ ಅದು ಸಣ್ಣ ಲೆಕ್ಕವಲ್ಲ.

ನೀರು ಬಚ್ಚಲ ನೆಲಕ್ಕೆ ಬಿದ್ದು ಮೋರಿಗೆ ಹೋಗುತ್ತಿದ್ದರೆ, ಬಕೆಟ್ ಇಟ್ಟು ಆ ನೀರನ್ನೇ ಬಳಸುತ್ತ ವಾರ ಕಳೆಯಬಹುದು. ಗೋಡೆಗೆ, ಮರದ ಕಪಾಟಿಗೆ, ಕೆಳಗಿನ ಮನೆಯ ಸೂರಿಗೆ ಇಳಿಯುತ್ತಿದ್ದರೆ ಒಂದು ದಿನವೂ ಬಿಡಬೇಡಿ. ತೊಟ್ಟಿನ ಸದ್ದಿಗೆ ರಾತ್ರಿ ನಿದ್ದೆ ಬಾರದಿದ್ದರೆ ಸೋರುವ ಬಿಂದುವಿಗೆ ಹತ್ತಿಯ ದಾರ ಕಟ್ಟಿ ಬಕೆಟ್ಟಿನ ತಳದವರೆಗೆ ಇಳಿಬಿಡಿ. ನೀರು ದಾರ ಹಿಡಿದು ಸದ್ದಿಲ್ಲದೆ ಇಳಿಯುತ್ತದೆ. ಪೈಪಿನ ಉದ್ದಕ್ಕೂ ಹರಿದು ಎಲ್ಲೋ ಬೀಳುವ ನೀರನ್ನು ಒಂದೇ ಕಡೆ ಬೀಳಿಸಲೂ ಇದೇ ಉಪಾಯ.

ನೀರು ಬೀಳುವುದು ಇಲ್ಲಿ, ಆದರೆ ಸೋರುತ್ತಿರುವುದು ನಿಜವಾಗಿ ಎಲ್ಲಿ?

ನೀರು ಪೈಪಿನ ಹೊರಮೈ ಹಿಡಿದು ಜಾರಿ ಅತಿ ತಗ್ಗಿನ ಜಾಗದಲ್ಲಿ ತೊಟ್ಟಾಗುತ್ತದೆ. ತೊಟ್ಟು ಬೀಳುವ ಜಾಗಕ್ಕೆ ಎಂ-ಸೀಲ್ (ಎರಡು ಉಂಡೆ ನಾದಿ ಮೆತ್ತಿದರೆ ಗಟ್ಟಿಯಾಗುವ ಅಂಟು) ಮೆತ್ತಿ ಸೋತವರು ಬಹಳ. ಇಡೀ ಪೈಪನ್ನು ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿಸಿ, ನಂತರ ಟಿಶ್ಯೂ ಕಾಗದದ ತುಂಡನ್ನು ಮೇಲಿನ ಜಾಯಿಂಟಿನಿಂದ ಕೆಳಕ್ಕೆ ಒಂದೊಂದಾಗಿ ಸುತ್ತುತ್ತ ಬನ್ನಿ. ಮೊದಲು ಒದ್ದೆಯಾಗುವ ಕಾಗದದ ಬಳಿಯೇ ಸೋರಿಕೆ. ಟಿಶ್ಯೂ ಇಲ್ಲದಿದ್ದರೆ ದಿನಪತ್ರಿಕೆಯೂ ಆಗುತ್ತದೆ, ಒದ್ದೆಯಾದ ಕೂಡಲೇ ಬಣ್ಣ ಗಾಢವಾಗುತ್ತದೆ.

ಪೈಪು ಯಾವುದರದ್ದು ಎಂದು ತಿಳಿಯುವುದು ಹೇಗೆ? ತಿಳಿದು ಪ್ರಯೋಜನ?

ಜಿಐ ಪೈಪು ಕಬ್ಬಿಣದ್ದು, ಅಯಸ್ಕಾಂತ ಅಂಟುತ್ತದೆ, ತಟ್ಟಿದರೆ ಲೋಹದ ಸದ್ದು. ಕೆನೆಬಣ್ಣದ ತೆಳು ಪ್ಲಾಸ್ಟಿಕ್ ಪೈಪು ಸಿಪಿವಿಸಿ, ಬಿಸಿನೀರಿಗೂ ಹಾಕಿರುತ್ತಾರೆ. ಅಚ್ಚ ಬಿಳಿಯ ದಪ್ಪ ಪೈಪು ಯುಪಿವಿಸಿ, ತಣ್ಣೀರಿಗೆ ಮಾತ್ರ. ಸಾಮಾನ್ಯವಾಗಿ ಪೈಪಿನ ಮೈಮೇಲೆಯೇ ಅಚ್ಚು ಹಾಕಿರುತ್ತದೆ, ಟಾರ್ಚ್ ಬಿಟ್ಟು ಓದಿ.

ತಿಳಿಯಬೇಕಾದ ಕಾರಣ ಇದು. ಜಿಐ ಒಳಗಿನಿಂದ ತುಕ್ಕು ತಿಂದು ತೂತಾಗುತ್ತದೆ, ತೂತಿನ ಸುತ್ತ ಲೋಹ ಕಾಗದದಷ್ಟು ತೆಳುವಾಗಿರುತ್ತದೆ. ಅದನ್ನು ಕೆರೆದು ನೋಡಿದರೆ ಸೂಜಿಯಷ್ಟಿದ್ದ ತೂತು ಪೆನ್ಸಿಲಿನಷ್ಟಾಗುತ್ತದೆ. ಸಿಪಿವಿಸಿ ಹಾಗಲ್ಲ, ಅದು ಸೋರುವುದು ಹೆಚ್ಚಾಗಿ ಜಾಯಿಂಟಿನಲ್ಲಿ. ಮೈಯಲ್ಲಿ ಕೂದಲೆಳೆಯ ಬಿರುಕು ಕಂಡರೆ ಅದು ಉದ್ದಕ್ಕೆ ಓಡುವ ಸಾಧ್ಯತೆ ಹೆಚ್ಚು. ಜಿಐ ಪೈಪಿಗೆ ಹೋಸ್ ಕ್ಲಿಪ್ಪನ್ನು (ತಿರುಪಿನಿಂದ ಬಿಗಿಯುವ ಲೋಹದ ಪಟ್ಟಿ) ಗಟ್ಟಿಯಾಗಿ ಬಿಗಿದರೂ ತಡೆಯುತ್ತದೆ. ಸಿಪಿವಿಸಿಗೆ ಅಷ್ಟೇ ಬಿಗಿದರೆ ಒಡೆಯುತ್ತದೆ.

ಎಂ-ಸೀಲ್ ಮೆತ್ತಿದೆ, ಮರುದಿನ ಅದರ ಪಕ್ಕದಿಂದಲೇ ಜಿನುಗುತ್ತಿದೆ. ಮಾಲು ಕಳಪೆಯೇ?

ಮಾಲಿನ ತಪ್ಪು ಕಡಿಮೆ, ಮೆತ್ತಿದ ಸಮಯದ ತಪ್ಪು ಹೆಚ್ಚು. ನೀರು ಜಿನುಗುತ್ತಿರುವಾಗಲೇ ಮೆತ್ತಿದರೆ ಪೈಪಿಗೂ ಎಂ-ಸೀಲಿಗೂ ನಡುವೆ ನೀರಿನ ಪದರ ಉಳಿಯುತ್ತದೆ, ಅಂಟು ಹಿಡಿಯುವುದೇ ಇಲ್ಲ.

ಲೆಕ್ಕ ಹಾಕಿ ನೋಡಿ. ಟ್ಯಾಂಕಿನ ನೀರಿನ ಮಟ್ಟಕ್ಕಿಂತ 10 ಮೀಟರ್ ಕೆಳಗಿನ ಪೈಪಿನಲ್ಲಿ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ. 2 ಮಿ.ಮೀ. ತೂತಿನ ಮೇಲೆ ಅದು ತಳ್ಳುವ ಬಲ 31 ಗ್ರಾಂ ಮಾತ್ರ, ಬೆರಳಲ್ಲೂ ತಡೆಯಬಹುದು. ಆದರೆ ತೇಪೆಯ ಅಡಿಯಲ್ಲಿ ನೀರು ನುಸುಳಿ 2 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲಕ್ಕೆ ಹರಡಿತೆಂದರೆ ಬಲ 4 ಕಿಲೋ ಆಗುತ್ತದೆ, ತೇಪೆ ಸಿಪ್ಪೆಯಂತೆ ಏಳುತ್ತದೆ. ಎಂ-ಸೀಲಿನ ದಪ್ಪ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ತೂತಿನ ಅಂಚಿನಲ್ಲಿ ಅದು ಕಚ್ಚಿರುವುದೇ ಮುಖ್ಯ.

ಸರಿಯಾದ ಕ್ರಮ: ನೀರು ನಿಲ್ಲಿಸಿ ಪೈಪು ಬರಿದು ಮಾಡಿ. ತೂತಿನ ಎರಡೂ ಕಡೆ ಒಂದೊಂದು ಇಂಚು ಬಣ್ಣ, ತುಕ್ಕು, ಸುಣ್ಣ ಎಲ್ಲ ಹೋಗುವಂತೆ ಎಮರಿ ಪೇಪರಿನಲ್ಲಿ ಉಜ್ಜಿ (ತುಕ್ಕು ಹಿಡಿದ ಜಿಐ ಆದರೆ ತೂತಿನ ಹತ್ತಿರ ಹಗುರವಾಗಿ ಉಜ್ಜಿ). ಒಣ ಬಟ್ಟೆಯಲ್ಲಿ ಒರೆಸಿ, ಹೇರ್ ಡ್ರೈಯರ್ ಇದ್ದರೆ ಐದು ನಿಮಿಷ ಬಿಸಿಗಾಳಿ ಹಿಡಿಯಿರಿ. ಎರಡು ಬಣ್ಣದ ಉಂಡೆಗಳನ್ನು ಸಮಸಮ ತೆಗೆದುಕೊಂಡು ಗೆರೆಗೆರೆ ಕಾಣದೆ ಒಂದೇ ಬಣ್ಣ ಬರುವವರೆಗೆ ಚಪಾತಿ ಹಿಟ್ಟಿನಂತೆ ನಾದಿ. ಗೆರೆ ಉಳಿದರೆ ಅಲ್ಲಿ ಗಟ್ಟಿಯಾಗುವುದಿಲ್ಲ. ಮೊದಲು ಚಿಟಿಕೆಯಷ್ಟನ್ನು ತೂತಿನೊಳಗೆ ಅದುಮಿ, ನಂತರ ಸುತ್ತಲೂ ಬಳೆಯಂತೆ 5-6 ಮಿ.ಮೀ. ದಪ್ಪ ಕಟ್ಟಿ, ಅಂಚುಗಳನ್ನು ಒದ್ದೆ ಬೆರಳಿನಿಂದ ತೆಳ್ಳಗೆ ಸವರಿ. ಮೇಲೆ ಹತ್ತಿಬಟ್ಟೆಯ ಪಟ್ಟಿ ಬಿಗಿಯಾಗಿ ಸುತ್ತಿದರೆ ಗಟ್ಟಿಯಾಗುವವರೆಗೆ ಜಾರುವುದಿಲ್ಲ.

ಪೊಟ್ಟಣದ ಮೇಲೆ ಬರೆದಷ್ಟು ಹೊತ್ತು ಕಡ್ಡಾಯ, ಆದರೆ ರಾತ್ರಿ ಮೆತ್ತಿ ಬೆಳಗ್ಗೆ ನೀರು ಬಿಡುವುದು ಎಲ್ಲಕ್ಕಿಂತ ಒಳ್ಳೆಯದು. ವಾಲ್ವನ್ನು ಒಮ್ಮೆಲೇ ತೆರೆಯಬೇಡಿ. ಕಾಲು ಭಾಗ ತೆರೆದು, ನಲ್ಲಿಯಿಂದ ಗಾಳಿ ಹೊರಟ ಮೇಲೆ ಪೂರ್ತಿ ತೆರೆಯಿರಿ.

ನೀರು ನಿಲ್ಲಿಸಲು ಆಗುವುದೇ ಇಲ್ಲ. ಒದ್ದೆಯಲ್ಲೇ ಕೆಲಸ ಮಾಡುವಂಥದ್ದು ಏನಿದೆ?

ಸೈಕಲ್ ಟ್ಯೂಬು ಮತ್ತು ಹೋಸ್ ಕ್ಲಿಪ್ಪು. ನೇರ ಪೈಪಿನ ಮೈಯಲ್ಲಿ ತೂತಾಗಿದ್ದರೆ ಎಂ-ಸೀಲಿಗಿಂತ ಮೊದಲು ಇದನ್ನೇ ಹಾಕಿ ಎನ್ನುವುದು ನಮ್ಮ ಅಭಿಪ್ರಾಯ. ಅಂಟಿನ ಹಂಗಿಲ್ಲ, ಕಾಯಬೇಕಿಲ್ಲ, ಪ್ಲಂಬರ್ ಬಂದಾಗ ಕಿತ್ತುಹಾಕುವುದೂ ಸುಲಭ.

ಪಂಕ್ಚರ್ ಅಂಗಡಿಯಲ್ಲಿ ಹಳೆಯ ಟ್ಯೂಬು ಕೇಳಿ, ಸ್ಕೂಟರಿನದಾದರೆ ಇನ್ನೂ ದಪ್ಪ. ಉದ್ದಕ್ಕೆ ಸೀಳಿ 8-10 ಸೆಂ.ಮೀ. ಅಗಲದ ತುಂಡು ಮಾಡಿ, ತೂತು ನಡುವೆ ಬರುವಂತೆ ಎರಡು ಸುತ್ತು ಬಿಗಿಯಾಗಿ ಸುತ್ತಿ. ಒಂದು ಕ್ಲಿಪ್ ಸರಿಯಾಗಿ ತೂತಿನ ಮೇಲೆ, ಇನ್ನೆರಡು ಆಚೀಚೆ 2 ಸೆಂ.ಮೀ. ದೂರದಲ್ಲಿ. ಕ್ಲಿಪ್ಪಿನ ತಿರುಪಿರುವ ಭಾಗದ ಅಡಿಯಲ್ಲಿ ಒತ್ತಡ ಕಡಿಮೆ, ಆದ್ದರಿಂದ ಆ ಭಾಗ ತೂತಿನ ಎದುರು ಬದಿಗೆ ಬರಲಿ. ರಬ್ಬರ್ ಕ್ಲಿಪ್ಪಿನ ಅಂಚಿನಲ್ಲಿ ಸ್ವಲ್ಪ ಉಬ್ಬಿದಾಗ ಸಿಪಿವಿಸಿಗೆ ಸಾಕು. ಜಿಐಗೆ ಇನ್ನೊಂದು ಸುತ್ತು ಕೊಡಬಹುದು.

ಕ್ಲಿಪ್ ಕೊಳ್ಳುವಾಗ ಎಡವುವುದು ಅಳತೆಯಲ್ಲಿ. ಅರ್ಧ ಇಂಚು ಎನ್ನುವುದು ಪೈಪಿನ ಹೆಸರು, ಹೊರ ಅಳತೆಯಲ್ಲ. ಅರ್ಧ, ಮುಕ್ಕಾಲು, ಒಂದು ಇಂಚಿನ ಜಿಐ ಪೈಪುಗಳ ಹೊರ ವ್ಯಾಸ ಸುಮಾರು 21, 27, 34 ಮಿ.ಮೀ. ಸಿಪಿವಿಸಿಯಲ್ಲಿ ಅವೇ ಹೆಸರಿನವು ಸುಮಾರು 16, 22, 29 ಮಿ.ಮೀ. ಇದಕ್ಕೆ ರಬ್ಬರಿನ ದಪ್ಪ 5-6 ಮಿ.ಮೀ. ಸೇರಿಸಿ ಕೇಳಿ.

ರಾತ್ರಿ ಕ್ಲಿಪ್ ಸಿಗದಿದ್ದರೆ ಬೈಂಡಿಂಗ್ ವೈರ್ ಸುತ್ತಿ ಇಕ್ಕಳದಲ್ಲಿ ತಿರುಚಬಹುದು. ಆದರೆ ತಂತಿ ರಬ್ಬರನ್ನು ಕತ್ತರಿಸಿಕೊಂಡು ಒಳಗಿಳಿಯುತ್ತದೆ, ಅದಕ್ಕೇ ಮೊದಲು ತಗಡಿನ ಡಬ್ಬಿಯಿಂದ ಕತ್ತರಿಸಿದ ಪಟ್ಟಿಯನ್ನು ರಬ್ಬರಿನ ಮೇಲೆ ಸುತ್ತಿ, ತಂತಿ ಆಮೇಲೆ.

ಸೋರುವುದು ಎಲ್ಬೋದಲ್ಲಿ, ಪೈಪು ತಿರುಗುವ ಮೂಲೆಯ ಜಾಯಿಂಟಿನಲ್ಲಿ. ಅಲ್ಲಿ ಕ್ಲಿಪ್ ಕೂರುವುದಿಲ್ಲವಲ್ಲ?

ಕೂರುವುದಿಲ್ಲ. ತನಗೆ ತಾನೇ ಬೆಸೆದುಕೊಳ್ಳುವ ಸಿಲಿಕೋನ್ ಟೇಪು ಇಲ್ಲಿಗೆ ಸರಿ. ಹಾರ್ಡ್‌ವೇರ್ ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ಸಿಗುತ್ತದೆ. ಅದಕ್ಕೆ ಅಂಟು ಇರುವುದಿಲ್ಲ, ಎಳೆದು ಸುತ್ತಿದಾಗ ಪದರಕ್ಕೆ ಪದರ ಬೆಸೆದು ಒಂದೇ ರಬ್ಬರಾಗುತ್ತದೆ. ಮೂಲ ಉದ್ದದ ಎರಡರಷ್ಟಾದರೂ ಎಳೆಯಬೇಕು, ಪ್ರತಿ ಸುತ್ತು ಹಿಂದಿನದನ್ನು ಅರ್ಧ ಮುಚ್ಚಬೇಕು. ಎಳೆಯದೆ ಸುತ್ತಿದರೆ ಅದು ಬರೀ ಬ್ಯಾಂಡೇಜು. ಎಲ್ಬೋದ ಎರಡೂ ಕೈಗಳ ಮೇಲೆ 5 ಸೆಂ.ಮೀ. ದಾಟುವಂತೆ, ಮೂಲೆಯಲ್ಲಿ ಇಂಗ್ಲಿಷಿನ ಎಂಟರ ಆಕಾರದಲ್ಲಿ ಅಡ್ಡಡ್ಡ ಸುತ್ತಿ. ಒಂದಿಂಚು ಅಗಲದ, ಒಂದು ಮೀಟರ್ ಉದ್ದದ ಟ್ಯೂಬಿನ ಪಟ್ಟಿಯನ್ನೂ ಹೀಗೆಯೇ ಸುತ್ತಬಹುದು. ಅದು ಜಿನುಗನ್ನು ತಗ್ಗಿಸುತ್ತದೆ, ಪ್ರೆಷರ್ ಪಂಪ್ ಇರುವ ಮನೆಯಲ್ಲಿ ನಿಲ್ಲಿಸುವುದು ಅನುಮಾನ. ಅಂಥ ಮನೆಯಲ್ಲಿ ತಾತ್ಕಾಲಿಕ ರಿಪೇರಿ ಮಾಡಿದ ದಿನಗಳಲ್ಲಿ ಸಾಧ್ಯವಾದರೆ ಪಂಪ್ ಬೈಪಾಸ್ ಮಾಡಿ, ಟ್ಯಾಂಕಿನ ನೀರು ತಾನಾಗಿ ಇಳಿಯುವಷ್ಟು ಒತ್ತಡದಲ್ಲೇ ಸುಧಾರಿಸಿಕೊಳ್ಳಿ.

ಜಾಯಿಂಟಿನ ಹೊರಗಡೆ ಟೆಫ್ಲಾನ್ ಟೇಪ್ ಸುತ್ತಿದರೆ ನಿಲ್ಲುತ್ತದೆಯೇ?

ಇಲ್ಲ. ಒಂದು ರೋಲು ಪೂರ್ತಿ ಸುತ್ತಿದರೂ ಇಲ್ಲ. ಟೆಫ್ಲಾನಿಗೆ ಅಂಟಿಲ್ಲ. ಎರಡು ಥ್ರೆಡ್‌ಗಳ ನಡುವೆ ಸಿಕ್ಕಿ ಒತ್ತಲ್ಪಟ್ಟಾಗ ಮಾತ್ರ ಸಂದು ತುಂಬುತ್ತದೆ.

ಜಾಯಿಂಟ್ ಬಿಚ್ಚಿ ಹಾಕುವುದೇ ದಾರಿ. ಹಳೆಯ ಟೇಪನ್ನು ಸೂಜಿಯಿಂದ ಪೂರ್ತಿ ಕೆದಕಿ ತೆಗೆಯಿರಿ. ಥ್ರೆಡ್ಡಿನ ತುದಿ ನಿಮ್ಮ ಕಡೆಗಿರುವಾಗ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಸುತ್ತಿ, ಉಲ್ಟಾ ಸುತ್ತಿದರೆ ತಿರುಗಿಸುವಾಗ ಬಿಚ್ಚಿಕೊಳ್ಳುತ್ತದೆ. ಮೊದಲ ಥ್ರೆಡ್ ಬಿಟ್ಟು ಶುರುಮಾಡಿದರೆ ಟೇಪಿನ ಚೂರು ನೀರಿನೊಳಗೆ ಹೋಗಿ ನಲ್ಲಿಯ ಜಾಲರಿ ಕಟ್ಟುವುದಿಲ್ಲ. ಅರ್ಧ ಇಂಚಿಗೆ ನಮ್ಮಲ್ಲಿ ಸಿಗುವ ತೆಳು ಟೇಪು 10-12 ಸುತ್ತು ಬೇಕು. ಇನ್ನೊಂದು ಮಾತು: ನಲ್ಲಿಯ ಮೂತಿ ನೇರ ಬರಲಿಲ್ಲವೆಂದು ಬಿಗಿದ ಮೇಲೆ ಹಿಂದಕ್ಕೆ ತಿರುಗಿಸಬೇಡಿ. ಕಾಲು ಸುತ್ತು ಹಿಂದೆ ಹೋದರೂ ಟೇಪಿನ ಹಿಡಿತ ತಪ್ಪುತ್ತದೆ. ಮುಂದಕ್ಕೆ ತಂದು ಸರಿಮಾಡಿ, ಆಗದಿದ್ದರೆ ಬಿಚ್ಚಿ ಹೊಸದಾಗಿ ಸುತ್ತಿ.

ಸಿಪಿವಿಸಿ ಜಾಯಿಂಟಿನ ಸುತ್ತ ಸಾಲ್ವೆಂಟ್ ಸಿಮೆಂಟ್ ಬಳಿದರೆ?

ಹೊರಗೆ ಬಳಿದದ್ದು ಒಳಗಿನ ಸಂದಿಗೆ ಹೋಗುವುದಿಲ್ಲ, ನೀರಿದ್ದರಂತೂ ಹಿಡಿಯುವುದೇ ಇಲ್ಲ. ಸಾಲ್ವೆಂಟ್ ಅಂಟಲ್ಲ. ಪೈಪಿನ ಹೊರಮೈಯನ್ನೂ ಫಿಟ್ಟಿಂಗಿನ ಒಳಮೈಯನ್ನೂ ಕರಗಿಸಿ ಒಂದಾಗಿಸುವ ದ್ರವ ಅದು. ಸೋರುವ ಭಾಗ ಕತ್ತರಿಸಿ ಕಪ್ಲರ್ ಅಥವಾ ಯೂನಿಯನ್ ಹಾಕುವುದೇ ಸರಿ. ಅದು ಶಾಶ್ವತ ರಿಪೇರಿ, ಪ್ಲಂಬರ್ ಅರ್ಧ ಗಂಟೆಯಲ್ಲಿ ಮಾಡುತ್ತಾರೆ. ನೀವೇ ಮಾಡುವುದಾದರೆ ಪಿವಿಸಿಯದ್ದಲ್ಲ, ಸಿಪಿವಿಸಿಯ ಸಾಲ್ವೆಂಟನ್ನೇ ಕೇಳಿ ತನ್ನಿ, ಒಳಗೆ ತಳ್ಳುವಾಗ ಕಾಲು ಸುತ್ತು ತಿರುಗಿಸಿ 30 ಸೆಕೆಂಡ್ ಒತ್ತಿ ಹಿಡಿಯಿರಿ, ಇಲ್ಲದಿದ್ದರೆ ಪೈಪು ತಾನಾಗಿ ಹಿಂದೆ ಸರಿಯುತ್ತದೆ.

ನಲ್ಲಿ ಮುಚ್ಚಿದರೂ ತೊಟ್ಟಿಕ್ಕುತ್ತದೆ. ಇನ್ನೂ ಬಿಗಿಯಾಗಿ ತಿರುಗಿಸಲೇ?

ಬಿಗಿದಷ್ಟೂ ವಾಶರ್ ಬೇಗ ಸವೆಯುತ್ತದೆ. ಮೊದಲು ಎಲ್ಲಿಂದ ಬರುತ್ತಿದೆ ನೋಡಿ.

ಮುಚ್ಚಿದಾಗ ಮೂತಿಯಿಂದ ತೊಟ್ಟಿಕ್ಕಿದರೆ ವಾಶರ್ ಹೋಗಿದೆ. ಹಲವು ಸುತ್ತು ತಿರುಗಿಸುವ ಹಳೆಯ ನಲ್ಲಿಯಲ್ಲಿ ನೀರು ನಿಲ್ಲಿಸಿ, ತಲೆಯ ಭಾಗವನ್ನು ಸ್ಪ್ಯಾನರಿನಲ್ಲಿ ಬಿಚ್ಚಿದರೆ ತಳದಲ್ಲಿ ರಬ್ಬರ್ ಬಿಲ್ಲೆ ಕಾಣುತ್ತದೆ. ಹೊಸ ಬಿಲ್ಲೆ ಕೈಯಲ್ಲಿಲ್ಲದಿದ್ದರೆ ಹಳೆಯದನ್ನೇ ತಿರುವಿ ಹಾಕಿ. ಗೆರೆ ಬೀಳದ ಹಿಂಬದಿ ಕೆಲವು ವಾರ ನಡೆಯುತ್ತದೆ. ಕಾಲು ಸುತ್ತಿಗೇ ತೆರೆಯುವ ನಲ್ಲಿಯಲ್ಲಿ ಬಿಲ್ಲೆಯಿಲ್ಲ, ಪಿಂಗಾಣಿ ತಟ್ಟೆಗಳ ಕಾರ್ಟ್ರಿಡ್ಜ್ ಇದೆ. ಬೋರ್‌ವೆಲ್ಲಿನ ಗಡಸು ನೀರಿನ ಸುಣ್ಣ ಅಲ್ಲಿ ಕೂತಿದ್ದರೆ ಹೊರತೆಗೆದು ಬಿಳಿ ವಿನೆಗರಿನಲ್ಲಿ ಒಂದು ಗಂಟೆ ನೆನೆಸಿ, ಹಲ್ಲುಜ್ಜುವ ಬ್ರಶ್ಶಿನಲ್ಲಿ ಮೆಲ್ಲಗೆ ಉಜ್ಜಿ. ತಟ್ಟೆಯಲ್ಲಿ ಗೀರು ಬಿದ್ದಿದ್ದರೆ ಕಾರ್ಟ್ರಿಡ್ಜನ್ನೇ ಬದಲಿಸಬೇಕು. ಹಳೆಯದನ್ನು ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ, ಹೆಸರು ಹೇಳಿ ತಂದದ್ದು ಹೊಂದುವುದು ಅಪರೂಪ.

ತೆರೆದಾಗ ಮಾತ್ರ ಹಿಡಿಯ ಬುಡದಿಂದ ಜಿನುಗಿದರೆ ಗ್ಲ್ಯಾಂಡ್ (ಹಿಡಿಯ ಕಡ್ಡಿಯ ಸುತ್ತಲಿನ ಸೀಲ್) ಸಡಿಲ. ಹಿಡಿಯ ಕೆಳಗಿನ ನಟ್ಟನ್ನು ಎಂಟನೇ ಒಂದು ಸುತ್ತು ಬಿಗಿಯಿರಿ. ನಿಲ್ಲದಿದ್ದರೆ ನಟ್ ಬಿಚ್ಚಿ ಕಡ್ಡಿಯ ಸುತ್ತ ಟೆಫ್ಲಾನನ್ನು ಹಗ್ಗದಂತೆ ಹೊಸೆದು ನಾಲ್ಕು ಸುತ್ತು ಹಾಕಿ ಮತ್ತೆ ಬಿಗಿಯಿರಿ. ಇದು ತಾತ್ಕಾಲಿಕ ಎಂದರೂ ವರ್ಷಗಟ್ಟಲೆ ಬಾಳುವುದುಂಟು.

ಸಿಂಕಿನ ಕೆಳಗಿನ ಕಪಾಟು ಒದ್ದೆಯಾಗುತ್ತಿದೆ. ಯಾವುದೆಂದು ಗೊತ್ತಾಗುತ್ತಿಲ್ಲ.

ನಲ್ಲಿ ಮುಚ್ಚಿದ್ದಾಗಲೂ ಒದ್ದೆಯಾದರೆ ಕನೆಕ್ಷನ್ ಪೈಪು ಅಥವಾ ಆಂಗಲ್ ಕಾಕ್. ನೀರು ಬಿಟ್ಟಾಗ ಮಾತ್ರವಾದರೆ ವೇಸ್ಟ್ ಪೈಪು ಅಥವಾ ಬಾಟಲ್ ಟ್ರ್ಯಾಪು (ಸಿಂಕಿನ ಕೆಳಗೆ ನೀರು ನಿಲ್ಲುವ ಬಟ್ಟಲು). ಸಿಂಕನ್ನು ತುಂಬಿಸಿ ಒಮ್ಮೆಲೇ ಬಿಟ್ಟು ನೋಡಿದರೆ ಎರಡನೆಯದು ಕೂಡಲೇ ಬಯಲಾಗುತ್ತದೆ.

ಕನೆಕ್ಷನ್ ಪೈಪಿನ ನಟ್ಟಿನೊಳಗೆ ರಬ್ಬರ್ ವಾಶರ್ ಇರುತ್ತದೆ, ಅಲ್ಲಿ ಟೆಫ್ಲಾನಿಗೆ ಕೆಲಸವಿಲ್ಲ. ವಾಶರ್ ಬದಲಿಸಿ, ಕೈಯಲ್ಲಿ ಬಿಗಿದು, ಆಮೇಲೆ ಸ್ಪ್ಯಾನರಿನಲ್ಲಿ ಕಾಲು ಸುತ್ತು. ಹೆಣೆದ ಸ್ಟೀಲ್ ಪೈಪಿನ ಮೈ ತುಕ್ಕು ಹಿಡಿದು ಉಬ್ಬಿದ್ದರೆ ತೇಪೆ ಹಾಕಬೇಡಿ, ಆಂಗಲ್ ಕಾಕ್ ಮುಚ್ಚಿ ಹೊಸದು ತನ್ನಿ. ಅದು ಒಡೆಯುವುದು ಮನೆಯಲ್ಲಿ ಯಾರೂ ಇಲ್ಲದಾಗಲೇ ಎನ್ನುವಷ್ಟು ದೂರು ಕೇಳಿಬರುತ್ತದೆ. ವೇಸ್ಟ್ ಪೈಪಿನಲ್ಲಿ ಒತ್ತಡವಿಲ್ಲ, ಹಾಗಾಗಿ ಒಣಗಿಸಿ ಸಿಲಿಕೋನ್ ಟೇಪ್ ಸುತ್ತಿದರೂ ಆರಾಮಾಗಿ ನಡೆಯುತ್ತದೆ. ಟ್ರ್ಯಾಪಿನ ಪ್ಲಾಸ್ಟಿಕ್ ನಟ್ಟುಗಳನ್ನು ಕೈಯಲ್ಲಷ್ಟೇ ಬಿಗಿಯಿರಿ. ಇಕ್ಕಳ ಹಾಕಿದರೆ ಸೀಳುತ್ತದೆ.

ಫ್ಲಶ್ ಟ್ಯಾಂಕ್ ಸದ್ದಿಲ್ಲದೆ ಸೋರುತ್ತಿದೆಯೇ ಎಂದು ತಿಳಿಯುವುದು ಹೇಗೆ?

ಟ್ಯಾಂಕಿನ ನೀರಿಗೆ ಬಟ್ಟೆಯ ನೀಲಿ ನಾಲ್ಕು ತೊಟ್ಟು ಹಾಕಿ ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ನೀರಿನ ಮಟ್ಟ ಓವರ್‌ಫ್ಲೋ ಕೊಳವೆಗಿಂತ ಕೆಳಗಿದ್ದೂ ಕಮೋಡಿನಲ್ಲಿ ನೀಲಿ ಕಂಡರೆ ತಳದ ಸೀಲ್ ಹೋಗಿದೆ. ಅರಿಶಿನ ಹಾಕಬೇಡಿ, ಕಲೆ ಹೋಗುವುದಿಲ್ಲ. ಸೀಲನ್ನು ಹೊರತೆಗೆದು ಲೋಳೆ, ಸುಣ್ಣ ತೊಳೆದು ತಿರುವಿ ಹಾಕಿದರೆ ಎಷ್ಟೋ ಸಲ ಸರಿಹೋಗುತ್ತದೆ. ನೀರಿನ ಮಟ್ಟ ಓವರ್‌ಫ್ಲೋ ಕೊಳವೆಯನ್ನು ಮುಟ್ಟಿದ್ದರೆ ಫ್ಲೋಟನ್ನು ಇಳಿಸಿ ಮಟ್ಟ ಒಂದಿಂಚು ಕೆಳಗೆ ನಿಲ್ಲುವಂತೆ ಮಾಡಿ. ಯಾವುದೂ ಆಗದಿದ್ದರೆ ಆಂಗಲ್ ಕಾಕ್ ಮುಚ್ಚಿ, ಬಕೆಟ್ಟಿನಲ್ಲಿ ನೀರು ಹಾಕಿ ದಿನ ದೂಡಿ.

ಗೀಸರಿನ ಪಕ್ಕದ ಸಣ್ಣ ವಾಲ್ವಿನಿಂದ ತೊಟ್ಟಿಕ್ಕುತ್ತಿದೆ. ಮುಚ್ಚಬಹುದೇ?

ಯಾವ ಕಾರಣಕ್ಕೂ ಮುಚ್ಚಬೇಡಿ. ನೀರು ಕಾದು ಹಿಗ್ಗಿದಾಗ ಹೆಚ್ಚಿನ ಒತ್ತಡವನ್ನು ಹೊರಬಿಡಲೆಂದೇ ಆ ವಾಲ್ವ್ ಇರುವುದು. ಕಾಯುವಾಗ ಕೆಲವು ತೊಟ್ಟು ಬಿದ್ದು, ಆಮೇಲೆ ನಿಂತರೆ ಅದು ಸರಿಯಾಗಿಯೇ ಕೆಲಸ ಮಾಡುತ್ತಿದೆ. ಎಂ-ಸೀಲ್ ಮೆತ್ತಿದರೆ ಗೀಸರಿನ ಟ್ಯಾಂಕೇ ಸಿಡಿಯಬಹುದು. ದಿನವಿಡೀ ನಿಲ್ಲದೆ ತೊಟ್ಟಿಕ್ಕಿದರೆ ವಾಲ್ವ್ ಬದಲಿಸಬೇಕು.

ಗೀಸರಿನ ತಳದ ಮುಚ್ಚಳದಿಂದ ನೀರು ಬರುತ್ತಿದ್ದರೆ ಒಳಗಿನ ಟ್ಯಾಂಕ್ ಅಥವಾ ಕಾಯಿಲಿನ ಗ್ಯಾಸ್ಕೆಟ್ ಹೋಗಿದೆ. ಅಲ್ಲೇ ವಿದ್ಯುತ್ ತಂತಿಗಳೂ ಇರುತ್ತವೆ. ಎಂಸಿಬಿ ಇಳಿಸಿ, ತಣ್ಣೀರಿನ ವಾಲ್ವ್ ಮುಚ್ಚಿ, ಮೆಕ್ಯಾನಿಕ್ ಬರುವವರೆಗೆ ಒಲೆಯ ಮೇಲೆ ನೀರು ಕಾಯಿಸಿ. ಸೋಲಾರ್ ಹೀಟರಿನ ಪೈಪಿನ ಕೆಲಸವಾದರೆ ಬೆಳಗ್ಗೆ ಬಿಸಿನೀರು ಬಳಸಿ ಮುಗಿಸಿ, ಬಿಸಿಲೇರುವ ಮುನ್ನ ಮಾಡಿ. ಮಧ್ಯಾಹ್ನ ಆ ಪೈಪಿನ ನೀರು ಚರ್ಮ ಸುಡುವಷ್ಟು ಕಾದಿರುತ್ತದೆ.

ತಾರಸಿಯ ಪ್ಲಾಸ್ಟಿಕ್ ಟ್ಯಾಂಕ್ ಬಿರುಕು ಬಿಟ್ಟಿದೆ. ಎಂ-ಸೀಲ್ ನಿಲ್ಲುತ್ತದೆಯೇ?

ಈ ಟ್ಯಾಂಕುಗಳ ಪ್ಲಾಸ್ಟಿಕ್ಕಾದ ಪಾಲಿಥಿಲೀನ್ ಮೇಲೆ ಎಂ-ಸೀಲ್ ಮಾತ್ರವಲ್ಲ, ಹೆಚ್ಚಿನ ಯಾವ ಅಂಟೂ ಸರಿಯಾಗಿ ಕಚ್ಚುವುದಿಲ್ಲ. ಬಿಸಿಲಿಗೆ ಟ್ಯಾಂಕ್ ಹಿಗ್ಗಿ ಕುಗ್ಗಿದಾಗ ತೇಪೆ ಹಾಗೇ ಕಳಚುತ್ತದೆ. ಅದೇ ಜಾತಿಯ ಪ್ಲಾಸ್ಟಿಕ್ ಪಟ್ಟಿ ಕರಗಿಸಿ ಬೆಸುಗೆ ಹಾಕುವವರನ್ನು ಕರೆಸಬೇಕು. ಅಲ್ಲಿಯವರೆಗೆ ನೀರಿನ ಮಟ್ಟ ಬಿರುಕಿಗಿಂತ ಕೆಳಗಿರುವಂತೆ ಫ್ಲೋಟ್ ಇಳಿಸಿ, ಅಥವಾ ಮೋಟಾರನ್ನು ಸಮಯ ನೋಡಿ ನಿಲ್ಲಿಸಿ. ಸೋರುವುದು ಬಿರುಕಲ್ಲ, ಪೈಪು ಹೊರಬರುವ ಕನೆಕ್ಟರ್ ಆಗಿದ್ದರೆ ಒಳಗೂ ಹೊರಗೂ ಇರುವ ರಬ್ಬರ್ ವಾಶರ್‌ಗಳನ್ನು ಬದಲಿಸಿದರೆ ಸಾಕು.

ಗೋಡೆ ಒದ್ದೆ, ಬಣ್ಣ ಉಬ್ಬಿದೆ, ಪೈಪು ಕಾಣುವುದಿಲ್ಲ. ಈಗೇನು?

ಗೋಡೆಯೊಳಗಿನ ಪೈಪಿಗೆ ತಾತ್ಕಾಲಿಕ ರಿಪೇರಿ ಇಲ್ಲ. ತಾತ್ಕಾಲಿಕವಾಗಿ ಆ ಸಾಲನ್ನು ಮುಚ್ಚಿಡಬಹುದು, ಅಷ್ಟೇ. ಆದರೆ ಒಡೆಯುವ ಮುನ್ನ ಪೈಪಿನದೇ ತಪ್ಪು ಎಂದು ಖಚಿತಪಡಿಸಿಕೊಳ್ಳಿ. ಸ್ನಾನ ಮಾಡಿದ ಮೇಲೆ ತೇವ ಹೆಚ್ಚಿ, ಎರಡು ದಿನ ಬಚ್ಚಲು ಬಳಸದಿದ್ದರೆ ಇಳಿದರೆ ಸೋರುವುದು ನೆಲದ ಟೈಲ್ಸ್ ಸಂದು ಅಥವಾ ಮೋರಿಯ ಟ್ರ್ಯಾಪು. ಬಳಸಿದರೂ ಬಿಟ್ಟರೂ ಒಂದೇ ಸಮ ಹಬ್ಬುತ್ತಿದ್ದರೆ ಒತ್ತಡದ ಪೈಪು. ಮಳೆಗಾಲದಲ್ಲಿ ಮಾತ್ರವಾದರೆ ಹೊರಗೋಡೆ.

ರಾತ್ರಿ ಎಲ್ಲ ನಲ್ಲಿ ಮುಚ್ಚಿ, ಮೋಟಾರ್ ಆರಿಸಿ, ಟ್ಯಾಂಕಿನೊಳಗಿನ ನೀರಿನ ಮಟ್ಟಕ್ಕೆ ಗುರುತು ಹಾಕಿ. 1.1 ಮೀಟರ್ ವ್ಯಾಸದ ಟ್ಯಾಂಕಿನಲ್ಲಿ 1 ಸೆಂ.ಮೀ. ಇಳಿದರೆ ಸುಮಾರು 9.5 ಲೀಟರ್ ಹೋಗಿದೆ. ಮರುರಾತ್ರಿ ಒಂದೊಂದೇ ವಾಲ್ವ್ ಮುಚ್ಚಿ ಇದೇ ಪರೀಕ್ಷೆ ಮಾಡಿದರೆ ಯಾವ ಸಾಲೆಂದು ತಿಳಿಯುತ್ತದೆ. ಬಿಸಿನೀರಿನ ಸಾಲಾದರೆ ಗೀಸರಿಗೆ ಹೋಗುವ ತಣ್ಣೀರಿನ ವಾಲ್ವ್ ಮುಚ್ಚಿ, ಉಳಿದ ಮನೆ ಎಂದಿನಂತೆ ನಡೆಯುತ್ತದೆ. ಒದ್ದೆ ಗೋಡೆಗೆ ಪುಟ್ಟಿ, ವಾಟರ್‌ಪ್ರೂಫ್ ಬಣ್ಣ ಬಳಿಯುವುದು ಮಾತ್ರ ಬೇಡ. ನೀರು ಅದರ ಹಿಂದೆ ಇನ್ನೊಂದು ದಾರಿ ಹುಡುಕುತ್ತದೆ.

ಸೋರುವುದು ರಸ್ತೆಯಿಂದ ಮನೆಗೆ ಬರುವ ಪೈಪು. ಅದಕ್ಕೂ ಟ್ಯೂಬ್ ಸುತ್ತಬಹುದೇ?

ಬೇಡ. ದಿನ ಬಿಟ್ಟು ದಿನ ನೀರು ಬರುವ ಊರುಗಳಲ್ಲಿ ಪೂರೈಕೆ ನಿಂತಾಗ ಪೈಪು ಬರಿದಾಗಿ ಒಳಕ್ಕೆ ಎಳೆಯುತ್ತದೆ. ನೀರು ಹೊರಬರುತ್ತಿದ್ದ ತೂತಿನಿಂದಲೇ ಮೋರಿಯ ಕೊಳಕು ಒಳಹೋಗಿ ಮರುದಿನ ಸಂಪಿಗೆ ಬರುತ್ತದೆ. ಮೀಟರಿಗೆ ಮೊದಲಿನ ಸೋರಿಕೆಗೆ ನೀರು ಪೂರೈಸುವ ಸಂಸ್ಥೆಗೆ ತಿಳಿಸಿ, ಬೆಂಗಳೂರಿನಲ್ಲಾದರೆ ಜಲಮಂಡಳಿಯ ಸಹಾಯವಾಣಿ 1916. ಅಲ್ಲಿಯವರೆಗೆ ಸಂಪಿನ ನೀರನ್ನು ಕುದಿಸದೆ ಕುಡಿಯಬೇಡಿ.

ಬಟ್ಟೆ ಸೋಪು, ಫೆವಿಕ್ವಿಕ್, ಪ್ಲಾಸ್ಟಿಕ್ ಕರಗಿಸಿ ಹಾಕುವುದು — ಇವೆಲ್ಲ?

ಸೋಪು ನಿಜಕ್ಕೂ ಕೆಲಸ ಮಾಡುತ್ತದೆ, ಕೆಲವು ಗಂಟೆ. ಸಣ್ಣ ಬಿರುಕಿಗೆ ಒಣ ಸೋಪನ್ನು ಉಜ್ಜಿ ತುಂಬಿ ಮೇಲೆ ಬಟ್ಟೆ ಬಿಗಿದರೆ ರಾತ್ರಿ ಕಳೆಯಬಹುದು. ಜಿಐ ಪೈಪಿನ ಸೂಜಿತೂತಿಗೆ ಹಲ್ಲುಕಡ್ಡಿಯ ತುದಿ ಮೆಲ್ಲಗೆ ತೂರಿಸಿ ಮುರಿದರೆ ಮರ ಉಬ್ಬಿ ತಡೆಯುತ್ತದೆ, ಅದರ ಮೇಲೆ ಟ್ಯೂಬು ಸುತ್ತಿ. ಫೆವಿಕ್ವಿಕ್ ಗಾಜಿನಂತೆ ಪೆಡಸಾಗುತ್ತದೆ, ಪೈಪು ನಡುಗಿದ ಕೂಡಲೇ ಬಿಡುತ್ತದೆ. ಪ್ಲಾಸ್ಟಿಕ್ ಚೀಲ ಸುಟ್ಟು ತೊಟ್ಟಿಕ್ಕಿಸುವುದನ್ನು ಬಿಟ್ಟುಬಿಡಿ, ಬೆಂಕಿ ತಗಲಿದ ಸಿಪಿವಿಸಿ ಮೆತ್ತಗಾಗಿ ಅಲ್ಲೇ ಉಬ್ಬುತ್ತದೆ, ಹೊಗೆಯೂ ವಿಷ.

ಈ ರಿಪೇರಿಗಳು ಎಷ್ಟು ದಿನ ನಿಲ್ಲುತ್ತವೆ?

ಟ್ಯಾಂಕಿನ ಒತ್ತಡವಷ್ಟೇ ಇರುವ ಮನೆಯಲ್ಲಿ ಟ್ಯೂಬು-ಕ್ಲಿಪ್ಪು ಕೆಲವು ವಾರ, ಒಣಗಿಸಿ ಹಾಕಿದ ಎಂ-ಸೀಲ್ ಕೆಲವು ತಿಂಗಳೂ ನಡೆಯಬಹುದು. ಎಲ್ಬೋಗೆ ಸುತ್ತಿದ ಟೇಪನ್ನು ದಿನಗಳ ಲೆಕ್ಕದಲ್ಲೇ ಇಟ್ಟುಕೊಳ್ಳಿ. ಮಾರ್ಕರಿನಲ್ಲಿ ರಿಪೇರಿಯ ದಿನಾಂಕವನ್ನು ಅದರ ಮೇಲೆಯೇ ಬರೆಯಿರಿ, ಊರಿಗೆ ಹೊರಡುವಾಗ ವಾಲ್ವ್ ಮುಚ್ಚಿ ಹೋಗಿ. ಹಳೆಯ ಜಿಐ ಪೈಪಿನಲ್ಲಿ ಒಂದು ತೂತು ಮುಚ್ಚಿದ ತಿಂಗಳಲ್ಲೇ ಪಕ್ಕದಲ್ಲಿ ಇನ್ನೊಂದು ಕಂಡರೆ ತೇಪೆ ನಿಲ್ಲಿಸಿ, ಆ ಸಾಲನ್ನೇ ಬದಲಿಸಿ.

ಪ್ಲಂಬರಿಗೆ ಫೋನಿನಲ್ಲಿ ಏನೇನು ಹೇಳಬೇಕು?

ಪೈಪು ಜಿಐಯೋ ಸಿಪಿವಿಸಿಯೋ, ಎಷ್ಟು ಇಂಚು, ನೇರ ಪೈಪೋ ಜಾಯಿಂಟೋ, ಬಿಸಿನೀರಿನದೋ ತಣ್ಣೀರಿನದೋ, ಪ್ರೆಷರ್ ಪಂಪ್ ಇದೆಯೋ, ಮುಚ್ಚುವ ವಾಲ್ವ್ ಕೆಲಸ ಮಾಡುತ್ತದೋ. ಅಳತೆಪಟ್ಟಿಯನ್ನೋ ಒಂದು ನಾಣ್ಯವನ್ನೋ ಪಕ್ಕದಲ್ಲಿಟ್ಟು ಫೋಟೊ ತೆಗೆದು ಕಳಿಸಿ. ಇಷ್ಟು ತಿಳಿದರೆ ಅವರು ಬೇಕಾದ ಫಿಟ್ಟಿಂಗ್ ಜೊತೆಗೇ ತರುತ್ತಾರೆ. ಇಲ್ಲದಿದ್ದರೆ ಬಂದು ನೋಡಿ, ಅಂಗಡಿಗೆ ಹೋಗಿ ಬರುತ್ತೇನೆಂದು ಹೊರಟವರನ್ನು ಸಂಜೆಯವರೆಗೆ ಕಾಯಬೇಕಾಗುತ್ತದೆ.